3ಯ = 12 ಅಂದ್ರೆ ಯ = 9 ಅಂತಾಳೆ ಮಗಳು: "ಆ ಕಡೆ ಹೋದ್ರೆ ಚಿಹ್ನೆ ಬದಲಾಗತ್ತೆ" ಅನ್ನೋದನ್ನ ಹೇಗೆ ಬಿಡಿಸಿ ಹೇಳೋದು?

ಎಂಟನೇಕ್ಲಾಸ್_ಅಮ್ಮ
ಎಲ್ಲರಿಗೂ ನಮಸ್ಕಾರ. ಕೀಬೋರ್ಡ್ ಕನ್ನಡದಲ್ಲಿದೆ, ಅದಕ್ಕೆ ಎಕ್ಸ್ ಬದಲು ಯ ಅಂತ ಬರೀತೀನಿ, ಎರಡನೇ ಅಕ್ಷರ ಬೇಕಾದ್ರೆ ಕ ಅನ್ನೋಣ.

ಮಗಳು ಎಂಟನೇ ಕ್ಲಾಸು, ಏಕಚರಾಕ್ಷರ ರೇಖಾತ್ಮಕ ಸಮೀಕರಣದ ಪಾಠ ನಡೀತಿದೆ, ಅಂದ್ರೆ ಗೊತ್ತಿಲ್ಲದ ಸಂಖ್ಯೆ ಒಂದೇ, ಅದರ ವರ್ಗ ಇರಲ್ಲ. ಯ + 7 = 12 ಕೊಟ್ರೆ ತಕ್ಷಣ 5 ಅಂತಾಳೆ. ಆದ್ರೆ 3ಯ = 12 ಕೊಟ್ರೆ ಯ = 12 − 3 = 9 ಅಂತ ಬರೀತಾಳೆ. ಯಾಕೆ ಅಂದ್ರೆ "3 ಆ ಕಡೆ ಹೋಯ್ತಲ್ಲಮ್ಮ, ಪ್ಲಸ್ ಇದ್ದಿದ್ದು ಮೈನಸ್ ಆಗತ್ತೆ" ಅಂತಾಳೆ. ಇನ್ನೊಂದು ಕಡೆ −3ಯ = 12 ಇತ್ತು, ಅಲ್ಲಿ ಯ = 12/3 = 4 ಅಂತ ಬರೆದಿದ್ದಾಳೆ. ಇಲ್ಲಿ ಭಾಗಿಸಿದ್ದಾಳೆ ಸರಿ, ಆದ್ರೆ ಮೈನಸ್ಸು ಆ ಕಡೆ ಹೋಗ್ತಾ ಪ್ಲಸ್ ಆಗ್ಬಿಟ್ಟಿದೆ. ನಿಯಮ ಬಾಯಲ್ಲಿದೆ, ಎಲ್ಲಿ ಹಾಕ್ಬೇಕು ಎಲ್ಲಿ ಹಾಕ್ಬಾರ್ದು ಅನ್ನೋದೇ ಗೊತ್ತಿಲ್ಲ. 'ಗುಣಿಸ್ತಾ ಇದ್ರೆ ಭಾಗಿಸ್ಬೇಕು' ಅಂತ ಇನ್ನೊಂದು ನಿಯಮ ಹೇಳ್ಕೊಟ್ರೆ ಆವತ್ತಿಗೆ ಸರಿ, ಮಾರನೇ ದಿನ ಎರಡೂ ಕಲಸಿಹೋಗಿರತ್ತೆ. ಇದಕ್ಕೆ ಬುಡದಿಂದ ಹೇಳೋ ದಾರಿ ಯಾವುದು?

ರಾತ್ರಿಪಾಳಿ
"ಆ ಕಡೆ ಈ ಕಡೆ" ಅನ್ನೋ ಮಾತನ್ನ ಸದ್ಯಕ್ಕೆ ಮನೇಲಿ ಪೂರ್ತಿ ನಿಲ್ಲಿಸಿ. ಸಮಸ್ಯೆ ಇರೋದೇ ಅಲ್ಲಿ.

ಕಪ್ಪುಹಲಗೆ
ನಾನು ಗಣಿತ ಪಾಠ ಮಾಡೋನು. ನಿಮ್ಮ ಮಗಳು ಮಾಡ್ತಿರೋ ತಪ್ಪು ತುಂಬ ಮಕ್ಕಳಲ್ಲಿ ಇದೇ ರೂಪದಲ್ಲಿ ಬರತ್ತೆ, ಅದು ಅಜಾಗರೂಕತೆ ಅಲ್ಲ, ಹೇಳ್ಕೊಟ್ಟಿದ್ದನ್ನ ಅವಳು ನಿಷ್ಠೆಯಿಂದ ಪಾಲಿಸ್ತಿದ್ದಾಳೆ. "ಆ ಕಡೆ ಹೋದ್ರೆ ಚಿಹ್ನೆ ಬದಲಾಗತ್ತೆ" ಅಂದ್ರೆ ಮಗು 3ನ್ನ ಎತ್ತಿ ಆ ಕಡೆ ಇಟ್ಟು ಚಿಹ್ನೆ ಬದಲಾಯಿಸತ್ತೆ, ಅದರ ಪ್ರಕಾರ ಏನೂ ತಪ್ಪಿಲ್ಲ.

ನಿಜವಾಗಿ ಯಾವ ಸಂಖ್ಯೆಯೂ ಎಲ್ಲಿಗೂ ಹೋಗಲ್ಲ. ಎರಡೂ ಕಡೆಗೆ ಒಂದೇ ಕೆಲಸ ಮಾಡ್ತೀವಿ, ಅಷ್ಟೇ. ಇದನ್ನ ಕೆಲವು ವಾರ ಪೂರ್ತಿಯಾಗಿ ಬರೆಸಿ:

3ಯ + 5 = 20
ಎರಡೂ ಕಡೆ 5 ಕಳೆ: 3ಯ + 5 − 5 = 20 − 5
3ಯ = 15
ಎರಡೂ ಕಡೆ 3ರಿಂದ ಭಾಗಿಸು: ಯ = 5
ತಾಳೆ: 3 × 5 + 5 = 20. ಸರಿ.

ಏನು ಮಾಡ್ತಿದ್ದೀನಿ ಅನ್ನೋದನ್ನ ಪ್ರತಿ ಸಾಲಿನಲ್ಲಿ ಮಾತಲ್ಲೇ ಬರೀಲಿ. 3ಯ = 12ಕ್ಕೆ 'ಎರಡೂ ಕಡೆ 3 ಕಳೆ' ಅಂತ ಅವಳೇ ಬರೆದ್ರೆ ಎಡಗಡೆ 3ಯ − 3 ಉಳಿಯತ್ತೆ, ಯ ಒಂದೇ ಉಳಿಯಲ್ಲ ಅಂತ ಅವಳ ಕಣ್ಣಿಗೇ ಬೀಳತ್ತೆ. ನೀವು ತಪ್ಪು ಅಂತ ಹೇಳೋ ಅವಶ್ಯಕತೆನೇ ಬರಲ್ಲ.

ನೇರದಾರಿ
ನಾನು ಇದನ್ನ ಒಪ್ಪಲ್ಲ. ಪಕ್ಷಾಂತರ, ಅಂದ್ರೆ ಪದವನ್ನ ಈ ಕಡೆಯಿಂದ ಆ ಕಡೆ ಸಾಗಿಸೋದು, ತಪ್ಪು ವಿಧಾನ ಏನಲ್ಲ, ಎಲ್ರೂ ಕಲಿತಿದ್ದು ಅದರಲ್ಲೇ. ಪ್ರತಿ ಲೆಕ್ಕಕ್ಕೂ "ಎರಡೂ ಕಡೆ ಕಳೆ, ಎರಡೂ ಕಡೆ ಭಾಗಿಸು" ಅಂತ ಬರೀತಾ ಕೂತ್ರೆ ಪರೀಕ್ಷೆಲಿ ಟೈಮ್ ಎಲ್ಲಿರತ್ತೆ. ಕೂಡಿದ್ದು ಹೋದ್ರೆ ಕಳೀಬೇಕು, ಗುಣಿಸಿದ್ದು ಹೋದ್ರೆ ಭಾಗಿಸ್ಬೇಕು, ಈ ಎರಡು ಸಾಲು ಗಟ್ಟಿ ಮಾಡಿಸಿ, ಲೆಕ್ಕ ಜಾಸ್ತಿ ಮಾಡಿಸಿ, ತಾನಾಗೇ ಕೈಗೆ ಬರತ್ತೆ.

ಕಪ್ಪುಹಲಗೆ
@ನೇರದಾರಿ ಪಕ್ಷಾಂತರ ಬೇಡ ಅಂತ ನಾನು ಹೇಳಿಲ್ಲ. ಅದು ಎರಡು ಸಾಲನ್ನ ಒಂದು ಸಾಲಿಗೆ ಇಳಿಸೋ ಸಂಕ್ಷೇಪ, ಅದರ ಹಿಂದಿರೋ ಎರಡು ಸಾಲು ಗೊತ್ತಿರೋರಿಗೆ ತುಂಬ ಒಳ್ಳೇದು. ಗೊತ್ತಿಲ್ಲದೋರಿಗೆ ಕೊಟ್ರೆ ಏನಾಗತ್ತೆ ಅನ್ನೋದಕ್ಕೆ ಈ ಚರ್ಚೆಯ ಮೊದಲ ಪೋಸ್ಟೇ ಉದಾಹರಣೆ. ಆ ಮಗು ನೀವು ಹೇಳಿದ ಎರಡು ಸಾಲನ್ನೂ ಕೇಳಿದೆ, −3ಯ = 12ರಲ್ಲಿ ಎರಡನ್ನೂ ಒಟ್ಟಿಗೆ ಹಾಕಿದೆ. 3ನ್ನ ಗುಣಾಕಾರ ಅಂದ್ಕೊಂಡು ಭಾಗಿಸ್ತು, ಮೈನಸ್ಸನ್ನ ಬೇರೆಯಾಗಿ ಹೊತ್ಕೊಂಡು ಹೋಗಿ ಪ್ಲಸ್ ಮಾಡ್ತು. −3 ಅನ್ನೋದು ಪೂರ್ತಿ ಒಂದು ಸಹಗುಣಕ (ಯವನ್ನ ಗುಣಿಸ್ತಿರೋ ಸಂಖ್ಯೆ), ಅದನ್ನ ಸೀಳೋ ಹಾಗಿಲ್ಲ ಅನ್ನೋದು ನಿಯಮದ ಒಳಗೆ ಎಲ್ಲೂ ಇಲ್ವಲ್ಲ.

ಸೊನ್ನೆಯಿಂದ_ಶುರು
ತಕ್ಕಡಿ ಚಿತ್ರ ಬರೆದು ತೋರಿಸಿ ಅಮ್ಮ. ಒಂದು ತಟ್ಟೆಯಿಂದ ತೆಗೆದಷ್ಟು ಇನ್ನೊಂದರಿಂದಲೂ ತೆಗೀಬೇಕು. ಚಿಕ್ಕವರಿಗೆ ಇದಕ್ಕಿಂತ ಸುಲಭ ಇಲ್ಲ.

ಕೋಡ್_ಬರಿಯೋನು
ತಕ್ಕಡಿ ಶುರುವಿಗೆ ಚೆನ್ನಾಗಿದೆ, ಆದ್ರೆ 5 − 2ಯ = 11 ಬಂದಾಗ ಏನ್ ಮಾಡ್ತೀರಾ? ತಟ್ಟೆ ಮೇಲೆ −2ಯ ಹೇಗಿಡ್ತೀರಾ? ಸರಿ, ಎರಡೂ ಕಡೆ 2ಯ ಸೇರಿಸಿದ್ವಿ ಅನ್ನಿ, 5 = 11 + 2ಯ ಆಯ್ತು. ಈಗ ಒಂದು ತಟ್ಟೇಲಿ ಬರೀ 5 ಇದೆ, ಇನ್ನೊಂದರಲ್ಲಿ ಆಗಲೇ 11 ಇದೆ, ಅದರ ಮೇಲೆ ಇನ್ನೂ ಏನೋ ಇದೆ, ಆದ್ರೂ ಸಮ ಅಂತಿದೆ. ತೂಕದಲ್ಲಿ ಇದು ಸಾಧ್ಯನೇ ಇಲ್ಲ. ಸಂಖ್ಯೆಯಲ್ಲಿ ಸಾಧ್ಯ, ಯ = −3. ತಾಳೆ ನೋಡಿದ್ರೆ 5 − 2(−3) = 5 + 6 = 11, ಸರಿ. ಮಕ್ಕಳು ಎಡವೋದೇ ಋಣ ಸಂಖ್ಯೆ ಬಂದ ಮೇಲೆ, ಅಲ್ಲೇ ತಕ್ಕಡಿ ಕೈಕೊಡತ್ತೆ.

ಸೊನ್ನೆಯಿಂದ_ಶುರು
ಮೊದಲ ಪಾಠಕ್ಕೆ ಅಂತ ಹೇಳಿದ್ದು, ಕೊನೇವರೆಗೂ ಅದನ್ನೇ ಹಿಡ್ಕೊಂಡಿರಿ ಅಂತಲ್ಲ. ಧನ ಸಂಖ್ಯೆಗಳಲ್ಲಿ ಅಭ್ಯಾಸ ಆದ್ಮೇಲೆ ಬಿಟ್ಟುಬಿಡಿ, 'ಸಮ ಇರೋ ಎರಡು ಸಂಖ್ಯೆಗೆ ಒಂದೇ ಕೆಲಸ ಮಾಡಿದ್ರೆ ಸಮವಾಗೇ ಇರತ್ತೆ' ಅನ್ನೋ ಮಾತು ಮಾತ್ರ ಉಳೀಲಿ.

ಹಳೇ_ಬೀಜಗಣಿತ
ಈ ಜಗಳ ತುಂಬ ಹಳೇದು. ಸುಮಾರು 820ರ ಹೊತ್ತಿಗೆ ಬಾಗ್ದಾದಿನಲ್ಲಿ ಅಲ್-ಖ್ವಾರಿಜ್ಮಿ ಬರೆದ ಗ್ರಂಥದ ಹೆಸರಲ್ಲೇ ಎರಡು ಕ್ರಿಯೆ ಇದೆ, ಅಲ್-ಜಬ್ರ್ ಮತ್ತು ಅಲ್-ಮುಕಾಬಲ. ಒಂದು ಕಡೆ ಕಳೆದಿರೋ ಪದ ಇದ್ರೆ ಅಷ್ಟನ್ನೇ ಎರಡೂ ಕಡೆ ಕೂಡಿ ಅದನ್ನ ತುಂಬಿಕೊಡೋದು ಮೊದಲನೇದು. ಎರಡೂ ಕಡೆ ಒಂದೇ ಜಾತಿಯ ಪದ ಇದ್ರೆ ಚಿಕ್ಕದನ್ನ ಎರಡೂ ಕಡೆಯಿಂದ ತೆಗೆಯೋದು ಎರಡನೇದು. ಪಕ್ಷಾಂತರದ ಬೇರು ಇಲ್ಲೇ ಇದೆ. ಹಾಗಾಗಿ @ನೇರದಾರಿ ಹೇಳೋದರಲ್ಲಿ ಹುರುಳಿದೆ, ಆ ವಿಧಾನಕ್ಕೆ ಹನ್ನೆರಡು ಶತಮಾನದ ವಯಸ್ಸಾಗಿದೆ. ಆದ್ರೆ ಅದು ಹುಟ್ಟಿದ್ದೇ "ಎರಡೂ ಕಡೆಗೆ" ಅನ್ನೋ ರೂಪದಲ್ಲಿ, ಹಾರಿಸಿ ಇಡೋದು ಆಮೇಲೆ ಬಂದ ಅಭ್ಯಾಸ.

ಇನ್ನೊಂದು ವಿಷ್ಯ, ಅವರು ಎಲ್ಲವನ್ನೂ ಮಾತಲ್ಲಿ ಬರೀತಿದ್ರು, ಚಿಹ್ನೆ ಇರಲಿಲ್ಲ, ಋಣ ಸಂಖ್ಯೆಗಳನ್ನ ಸಮೀಕರಣದ ಪದವಾಗಿ ಒಪ್ಪುತ್ತಿರಲಿಲ್ಲ. ಅದಕ್ಕೇ ಸಮೀಕರಣಗಳನ್ನ 6 ಬಗೆಯಾಗಿ ಬೇರೆ ಬೇರೆ ಮಾಡ್ಕೋಬೇಕಾಯ್ತು. @ಕೋಡ್_ಬರಿಯೋನು ಹೇಳಿದ ತಕ್ಕಡಿ ತೊಂದರೆ ಅವರಿಗೂ ಇತ್ತು ಅನ್ನಬಹುದು. ಅದಕ್ಕೂ ಮೊದಲೇ, 628ರಲ್ಲಿ ಬ್ರಹ್ಮಗುಪ್ತ ಧನ, ಋಣ, ಸೊನ್ನೆ ಮೂರನ್ನೂ ಕೂಡೋ ಕಳೆಯೋ ಗುಣಿಸೋ ನಿಯಮ ಕೊಟ್ಟಾಗಿತ್ತು, ಋಣವನ್ನ ಋಣದಿಂದ ಗುಣಿಸಿದ್ರೆ ಧನ ಅನ್ನೋದೂ ಅದರಲ್ಲಿದೆ.

ರಾತ್ರಿಪಾಳಿ
ಹಾಗಾದ್ರೆ ಈಗ ಮಕ್ಕಳು ತಿಣುಕಾಡೋ ಜಾಗದಲ್ಲೇ ದೊಡ್ಡ ದೊಡ್ಡ ಗಣಿತಜ್ಞರೂ ಸುತ್ತುದಾರಿ ಹಿಡಿದಿದ್ರು. ಇದನ್ನ ಮಗಳಿಗೆ ಹೇಳಿ, ಧೈರ್ಯ ಬರತ್ತೆ.

ಎರಡು_ಗೆರೆ
ನನಗನಿಸೋ ಪ್ರಕಾರ ಎಲ್ಲರೂ ಒಂದು ಹೆಜ್ಜೆ ಮುಂದೆ ಹೋಗಿದ್ದೀರಿ. ಮೊದಲು ಆ ಮಗುವಿಗೆ = ಅಂದ್ರೆ ಏನು ಅಂತ ಕೇಳಿ ನೋಡಿ. ಪ್ರೈಮರಿಯಲ್ಲಿ ವರ್ಷಗಟ್ಟಲೆ 8 + 4 = ಅಂತ ಬರೆದು ಮುಂದೆ ಉತ್ತರ ತುಂಬಿಸಿರ್ತೀವಿ, ಹಾಗಾಗಿ = ಅಂದ್ರೆ "ಈಗ ಉತ್ತರ ಬರೀ" ಅನ್ನೋ ಅಪ್ಪಣೆ ಅಂತ ಅವರ ತಲೇಲಿ ಕೂತಿರತ್ತೆ. ಇದನ್ನ ಪರೀಕ್ಷೆ ಮಾಡೋಕೆ ಗಣಿತ ಶಿಕ್ಷಣದೋರು ಬಳಸೋ ಹೆಸರುವಾಸಿ ಪ್ರಶ್ನೆ ಒಂದಿದೆ:

8 + 4 = ☐ + 5

ಡಬ್ಬಿಯಲ್ಲಿ ಏನು ಬರತ್ತೆ? 12 ಅಂತ ಬರೆಯೋ ಮಕ್ಕಳು, ಎಲ್ಲಾ ಕೂಡಿ 17 ಅಂತ ಬರೆಯೋ ಮಕ್ಕಳು ಬೇಕಾದಷ್ಟು. 7 ಅಂತ ಬರೀಬೇಕಂದ್ರೆ ಎರಡೂ ಕಡೆ ಒಂದೇ ಬೆಲೆ ಅನ್ನೋದು ಗೊತ್ತಿರಬೇಕು. ಅದು ಗೊತ್ತಿಲ್ಲದ ಮಗುವಿಗೆ 'ಎರಡೂ ಕಡೆ 5 ಕಳೆ' ಅಂದ್ರೆ ಅದೂ ಇನ್ನೊಂದು ಬಾಯಿಪಾಠದ ನಿಯಮ ಆಗತ್ತೆ.

1557ರಲ್ಲಿ ರಾಬರ್ಟ್ ರೆಕಾರ್ಡ್ ಈ ಚಿಹ್ನೆಯನ್ನ ಮೊದಲ ಸಲ ಮುದ್ರಣದಲ್ಲಿ ಬಳಸಿದಾಗ, ಒಂದೇ ಉದ್ದದ ಎರಡು ಸಮಾನಾಂತರ ಗೆರೆಗಿಂತ ಹೆಚ್ಚು ಸಮವಾದ ವಸ್ತು ಬೇರೆ ಇಲ್ಲ ಅನ್ನೋ ಕಾರಣ ಕೊಟ್ಟಿದ್ದ. ಬಾಣದ ಗುರುತಲ್ಲ ಅದು.

ಕಪ್ಪುಹಲಗೆ
@ಎರಡು_ಗೆರೆ ನೂರಕ್ಕೆ ನೂರು ನಿಜ. ಇದರ ಇನ್ನೊಂದು ಲಕ್ಷಣ ನೋಟ್‌ಬುಕ್ಕಲ್ಲೇ ಸಿಗತ್ತೆ, "3 + 5 = 8 × 2 = 16" ಅಂತ ಉದ್ದಕ್ಕೆ ಎಳ್ಕೊಂಡು ಹೋಗಿರ್ತಾರೆ. ಉತ್ತರ ಸರಿ ಇದೆ ಅಂತ ನಾವು ಟಿಕ್ ಹಾಕಿ ಬಿಟ್ಟಿರ್ತೀವಿ. 3 + 5ಕ್ಕೆ 16 ಸಮ ಅಂತ ಬರೆದಂಗಾಯ್ತಲ್ಲ.

ಎಂಟನೇಕ್ಲಾಸ್_ಅಮ್ಮ
ಡಬ್ಬಿ ಪ್ರಶ್ನೆ ಕೊಟ್ಟೆ. 12 ಅಂತಲೇ ಬರೆದಳು! ಯಾಕೆ ಅಂದ್ರೆ "8 + 4 = 12, ಆ 5 ಸುಮ್ನೆ ಕೊಟ್ಟಿದ್ದಾರೆ" ಅಂತೆ. ಈಗ ಸಮಸ್ಯೆ ಎಲ್ಲಿದೆ ಅಂತ ಕಾಣ್ತಿದೆ. ಎಡಗಡೆ ಎಷ್ಟು, ಬಲಗಡೆ ಎಷ್ಟು ಅಂತ ಬೇರೆ ಬೇರೆ ಕೇಳಿದಾಗ 12, 17 ಅಂತ ಅವಳೇ ಹೇಳಿ ಆಮೇಲೆ 7 ಮಾಡಿದಳು. ಇಂಥವೇ ಇನ್ನಷ್ಟು ಕೊಡ್ತೀನಿ, ಸಮೀಕರಣ ಆಮೇಲೆ.

ಇನ್ನೊಂದು ಪ್ರಶ್ನೆ. ಪಾಠದಲ್ಲಿ ಮುಂದೆ ಭಿನ್ನರಾಶಿ ಇರೋವು ಬರ್ತವೆ, ಅಲ್ಲಿ ಇನ್ನೂ ಗೊಂದಲ ಆಗತ್ತೆ ಅಂತ ಕಾಣತ್ತೆ. (ಯ + 1)/2 − (ಯ − 2)/3 = 3 ಇಂಥದ್ದು.

ಲಸಾಅ_ಭಕ್ತೆ
ಭಿನ್ನರಾಶಿ ನೋಡಿ ಹೆದರೋ ಕಾರಣನೇ ಇಲ್ಲ, ಮೊದಲ ಸಾಲಲ್ಲೇ ಓಡಿಸಿಬಿಡಿ. ಛೇದಗಳು 2 ಮತ್ತು 3, ಲ.ಸಾ.ಅ. (ಎರಡರಿಂದಲೂ ಭಾಗ ಹೋಗೋ ಅತಿ ಚಿಕ್ಕ ಸಂಖ್ಯೆ) 6. ಎರಡೂ ಕಡೆ, ಪ್ರತಿ ಪದವನ್ನೂ, 6ರಿಂದ ಗುಣಿಸಿ:

3(ಯ + 1) − 2(ಯ − 2) = 18
3ಯ + 3 − 2ಯ + 4 = 18
ಯ + 7 = 18
ಯ = 11

ತಾಳೆ: 12/2 − 9/3 = 6 − 3 = 3.

ಇಲ್ಲಿ ಬೀಳೋ ಗುಂಡಿ ಎರಡೇ. ಬಲಗಡೆ ಇರೋ ಬರೀ 3ನ್ನ 6ರಿಂದ ಗುಣಿಸೋದು ಮರೆಯೋದು, ಯಾಕಂದ್ರೆ ಅದಕ್ಕೆ ಛೇದ ಕಾಣಲ್ಲ. ಎರಡನೇದು −2(ಯ − 2)ನ ಬಿಡಿಸೋವಾಗ −2ಯ − 4 ಅಂತ ಬರೆಯೋದು. ಹಾಗೆ ಬರೆದ್ರೆ ಯ = 19 ಬರತ್ತೆ. 19ನ್ನ ಮೂಲ ಸಮೀಕರಣಕ್ಕೆ ಹಾಕಿ ನೋಡಿ, 20/2 − 17/3, ಅಂದ್ರೆ 10ರಿಂದ 6ಕ್ಕೂ ಕಮ್ಮಿ ಕಳೆದಂಗೆ, 3 ಬರೋಕೆ ಸಾಧ್ಯನೇ ಇಲ್ಲ. ಪೂರ್ತಿ ಲೆಕ್ಕ ಹಾಕೋದೂ ಬೇಡ, ತಪ್ಪು ಅಂತ ತಿಳಿದೋಯ್ತು.

ಆವರಣ ಬಿಡಿಸೋ ಮುಂಚೆ ಅಂಶಕ್ಕೆ ಆವರಣ ಹಾಕೋ ಅಭ್ಯಾಸ ಮಾಡಿಸಿ. ಗೆರೆಯ ಮೇಲೆ ಯ − 2 ಅಂತ ಇದ್ದಾಗ ಆ ಗೆರೆನೇ ಆವರಣದ ಕೆಲಸ ಮಾಡ್ತಿರತ್ತೆ, ಗೆರೆ ಹೋದ ತಕ್ಷಣ ಆವರಣ ಬೇಕೇ ಬೇಕು.

ನೇರದಾರಿ
ಇದಕ್ಕೆ ಓರೆ ಗುಣಾಕಾರ ಮಾಡಿದ್ರೆ ಆಯ್ತಲ್ಲ?

ಲಸಾಅ_ಭಕ್ತೆ
ಆಗಲ್ಲ. ಓರೆ ಗುಣಾಕಾರ ನಡೆಯೋದು ಒಂದು ಭಿನ್ನರಾಶಿ = ಒಂದು ಭಿನ್ನರಾಶಿ ಅಂತ ಇದ್ದಾಗ ಮಾತ್ರ. ಇಲ್ಲಿ ಎಡಗಡೆ ಎರಡು ಭಿನ್ನರಾಶಿ ಕಳೆದ ರೂಪದಲ್ಲಿವೆ. ಮೊದಲು ಅವನ್ನ ಒಂದು ಮಾಡಿಕೊಂಡ್ರೆ ಮಾಡಬಹುದು, ಆದ್ರೆ ಅದಕ್ಕೂ ಲ.ಸಾ.ಅ. ಬೇಕು, ಮತ್ತೆ ಅದೇ ದಾರಿಗೆ ಬಂದಂಗಾಯ್ತು. ಓರೆ ಗುಣಾಕಾರ ಕೂಡ ಎರಡೂ ಕಡೆ ಎರಡೂ ಛೇದದಿಂದ ಗುಣಿಸೋದರ ಸಂಕ್ಷೇಪನೇ. ಅದನ್ನ ಮರೆತು ಬರೀ ಅಡ್ಡಗೆರೆ ಎಳೆಯೋದು ಕಲಿತ ಮಕ್ಕಳು 1/2 + 1/3ಕ್ಕೂ ಅಡ್ಡಗೆರೆ ಎಳೀತಾರೆ.

ಕೋಡ್_ಬರಿಯೋನು
"ಎರಡೂ ಕಡೆ ಒಂದೇ ಕೆಲಸ" ಅನ್ನೋದಕ್ಕೂ ಒಂದು ಕಂಡೀಷನ್ ಇದೆ, ಅದನ್ನ ಯಾರೂ ಹೇಳಿಲ್ಲ. 5ಯ = 3ಯ ಬಿಡಿಸಿ ನೋಡೋಣ. ತುಂಬ ಜನ ಎರಡೂ ಕಡೆ ಯ ಹೊಡೆದುಹಾಕಿ 5 = 3 ಬಂತು, ಹಾಗಾಗಿ ಉತ್ತರ ಇಲ್ಲ ಅಂತಾರೆ.

ನೇರದಾರಿ
5 = 3 ಅಂತ ಬಂದ್ರೆ ಉತ್ತರ ಇಲ್ಲ ಅಂತಲೇ ಅಲ್ವಾ ಅರ್ಥ?

ಕೋಡ್_ಬರಿಯೋನು
ಅಲ್ಲ, ಇಲ್ಲಿ ಯ = 0 ಉತ್ತರ. 5 × 0 = 3 × 0. ಯ ಹೊಡೆದುಹಾಕೋದು ಅಂದ್ರೆ ಯದಿಂದ ಭಾಗಿಸೋದು, ಯ ಸೊನ್ನೆ ಆಗಿದ್ರೆ ಸೊನ್ನೆಯಿಂದ ಭಾಗಿಸಿದಂಗೆ, ಅದಕ್ಕೆ ಅನುಮತಿ ಇಲ್ಲ. ಭಾಗಿಸೋ ಬದಲು ಎರಡೂ ಕಡೆ 3ಯ ಕಳೀರಿ: 2ಯ = 0, ಯ = 0. ಕೂಡೋದು ಕಳೆಯೋದು ಯಾವಾಗ ಬೇಕಾದ್ರೂ ಮಾಡಿ, ಗುಣಿಸೋದು ಭಾಗಿಸೋದು ಮಾತ್ರ ಸೊನ್ನೆ ಅಲ್ಲ ಅಂತ ಗೊತ್ತಿರೋ ಸಂಖ್ಯೆಯಿಂದ ಮಾಡಿ.

ನಿಜವಾಗ್ಲೂ ಉತ್ತರ ಇಲ್ಲದ್ದು ಬೇಕಂದ್ರೆ 2ಯ + 3 = 2ಯ + 5. ಎರಡೂ ಕಡೆ 2ಯ ಕಳೆದ್ರೆ 3 = 5. ಇಲ್ಲಿ ಯಾವ ತಪ್ಪು ಹೆಜ್ಜೆನೂ ಇಲ್ಲ, ಹಾಗಾಗಿ ಯಾವ ಯ ಹಾಕಿದ್ರೂ ಸರಿಹೋಗಲ್ಲ. 2(ಯ + 3) = 2ಯ + 6 ಆದ್ರೆ ಕೊನೆಗೆ 6 = 6 ಉಳಿಯತ್ತೆ, ಅಲ್ಲಿ ಯಾವ ಸಂಖ್ಯೆ ಹಾಕಿದ್ರೂ ಸರಿ.

ಗೆರೆಚಿತ್ರ
ಇದನ್ನ ಗ್ರಾಫಲ್ಲಿ ನೋಡಿದ್ರೆ ಒಂದೇ ನೋಟಕ್ಕೆ ಗೊತ್ತಾಗತ್ತೆ. ಎಡಭಾಗಕ್ಕೆ ಒಂದು ಸರಳರೇಖೆ, ಬಲಭಾಗಕ್ಕೆ ಒಂದು ಸರಳರೇಖೆ. ಒಂದು ಕಡೆ ಕತ್ತರಿಸಿದ್ರೆ ಒಂದು ಉತ್ತರ, ಸಮಾನಾಂತರ ಆದ್ರೆ ಉತ್ತರ ಇಲ್ಲ, ಒಂದರ ಮೇಲೊಂದು ಕೂತ್ರೆ ಎಲ್ಲವೂ ಉತ್ತರ. ಈ ಮೂರು ಬಿಟ್ಟು ನಾಲ್ಕನೇ ಸಾಧ್ಯತೆ ಇಲ್ಲ, ಎರಡು ಉತ್ತರ ಇರೋ ರೇಖಾತ್ಮಕ ಸಮೀಕರಣ ಅನ್ನೋದೇ ಇಲ್ಲ.

ತವಕ
ಇಷ್ಟೆಲ್ಲ ಬೇಕಾ, ಊಹೆ ಮಾಡಿ ಹಾಕಿ ನೋಡಿದ್ರೂ ಬರತ್ತಲ್ಲ? ನನ್ನ ತಮ್ಮ ಹಾಗೇ ಮಾಡ್ತಾನೆ, 1 ಹಾಕಿ 2 ಹಾಕಿ 3 ಹಾಕಿ ನೋಡ್ತಾನೆ, ಬಂದುಬಿಡತ್ತೆ.

ಕಪ್ಪುಹಲಗೆ
ಉತ್ತರ 7/3 ಆಗಿದ್ರೆ ಎಷ್ಟು ಹೊತ್ತು ಹಾಕಿ ನೋಡ್ತಾನೆ?

ಹಳೇ_ಬೀಜಗಣಿತ
ಊಹೆಯನ್ನ ಅಷ್ಟು ಸುಲಭಕ್ಕೆ ತಳ್ಳಿಹಾಕಬೇಡಿ. ಈಜಿಪ್ಟಿನ ರೈಂಡ್ ಪಪೈರಸ್ ಅಂತ ಇದೆ, ಕ್ರಿಸ್ತಪೂರ್ವ 1550ರ ಆಸುಪಾಸಿನಲ್ಲಿ ಅಹ್ಮೆಸ್ ಅನ್ನೋ ಲಿಪಿಕಾರ ಅದಕ್ಕೂ ಹಳೇ ಬರಹದಿಂದ ನಕಲು ಮಾಡಿದ್ದು. ಅದರ 24ನೇ ಲೆಕ್ಕ: ಒಂದು ರಾಶಿಗೆ ಅದರ ಏಳನೇ ಒಂದು ಭಾಗ ಕೂಡಿದ್ರೆ 19, ರಾಶಿ ಎಷ್ಟು? ಅವರು ಯ ಅಂತ ಇಡಲಿಲ್ಲ. ರಾಶಿ 7 ಅಂದ್ಕೊಳ್ಳಿ, 7 + 1 = 8. ನಮಗೆ ಬೇಕಾದ್ದು 8 ಅಲ್ಲ, 19. ಹಾಗಾದ್ರೆ 8ಕ್ಕೆ ಏನು ಗುಣಿಸಿದ್ರೆ 19 ಬರತ್ತೋ ಅದನ್ನೇ 7ಕ್ಕೂ ಗುಣಿಸಿ. 7 × 19/8 = 133/8, ಅಂದ್ರೆ ಹದಿನಾರೂ ಐದು-ಎಂಟಾಂಶ. ಊಹೆ ತಪ್ಪೇ ಆಗಿತ್ತು, ಆದ್ರೆ ಎಷ್ಟು ಪಟ್ಟು ತಪ್ಪು ಅಂತ ನೋಡಿ ಸರಿ ಮಾಡ್ಕೊಂಡ್ರು. 7ನ್ನೇ ಆರಿಸಿದ್ದರಲ್ಲೂ ಜಾಣತನ ಇದೆ, ಭಿನ್ನರಾಶಿ ಮಾಯ ಆಗ್ಲಿ ಅಂತ.

ಕೋಡ್_ಬರಿಯೋನು
ಇದು ತುಂಬ ಹಿಡಿಸ್ತು. ಆದ್ರೆ ಸ್ಥಿರಾಂಕ (ಯ ಇಲ್ಲದ ಬರೀ ಸಂಖ್ಯೆ) ಸೇರಿಕೊಂಡ್ರೆ ಬರೀ ಪಟ್ಟು ಮಾಡಿದ್ರೆ ನಡೆಯಲ್ಲ. 3ಯ + 5 = 20ರಲ್ಲಿ ಯ = 1 ಹಾಕಿದ್ರೆ 8, 20/8 ಪಟ್ಟು ಮಾಡಿದ್ರೆ 2.5, ತಪ್ಪು. ಆಗ ಎರಡು ಊಹೆ ಬೇಕು. 0 ಹಾಕಿ, 5 ಬಂತು. 1 ಹಾಕಿ, 8 ಬಂತು. ಅಂದ್ರೆ ಯ ಒಂದು ಹೆಜ್ಜೆ ಹೋದ್ರೆ ಮೊತ್ತ 3 ಏರತ್ತೆ. 5ರಿಂದ 20ಕ್ಕೆ 15 ಏರಬೇಕು, 15/3 = 5 ಹೆಜ್ಜೆ. ಯ = 5. @ತವಕ ನಿಮ್ಮ ತಮ್ಮನಿಗೆ ಇದನ್ನ ಹೇಳಿ, 1, 2, 3 ಅಂತ ಹೋಗೋ ಬದಲು 0 ಮತ್ತು 1 ಎರಡೇ ಹಾಕಿದ್ರೆ ಸಾಕು, ರೇಖಾತ್ಮಕ ಆಗಿದ್ರೆ 7/3 ಆದ್ರೂ ಸಿಗತ್ತೆ. ಏರಿಕೆ ಎಲ್ಲ ಕಡೆ ಒಂದೇ ಸಮ ಇರೋದಕ್ಕೇ ಇದು ನಡೆಯೋದು, ಯ ವರ್ಗ ಬಂದ್ರೆ ನಡೆಯಲ್ಲ.

ತವಕ
ಅರೆ, ಇದು ಎಷ್ಟು ಚೆನ್ನಾಗಿದೆ. ಹೇಳ್ತೀನಿ ಅವನಿಗೆ.

ಮಾತಿನ_ಲೆಕ್ಕ
ನೀವೆಲ್ಲ ಬಿಡಿಸೋದರ ಬಗ್ಗೆ ಮಾತಾಡ್ತಿದ್ದೀರಿ, ಮಕ್ಕಳು ಅಳೋದು ಸಮೀಕರಣ ಮಾಡೋದರಲ್ಲಿ. ಅಪ್ಪನ ವಯಸ್ಸು ಮಗನ ವಯಸ್ಸಿನ 4 ಪಟ್ಟು, 20 ವರ್ಷ ಆದ್ಮೇಲೆ 2 ಪಟ್ಟು, ಈಗ ವಯಸ್ಸೆಷ್ಟು. ಮಗ ಯ, ಅಪ್ಪ 4ಯ ಅನ್ನೋವರೆಗೂ ಎಲ್ಲರೂ ಬರ್ತಾರೆ. ಆಮೇಲೆ 4ಯ + 20 = 2ಯ ಅಂತ ಬರೀತಾರೆ, ಮಗನಿಗೂ 20 ವರ್ಷ ಆಗತ್ತೆ ಅನ್ನೋದು ಬಿಟ್ಟೇಹೋಗತ್ತೆ. ಅದನ್ನ ಬಿಡಿಸಿದ್ರೆ ಯ = −10. ಅಲ್ಲೇ ನಿಂತು ನೋಡಬೇಕು, ವಯಸ್ಸು −10 ಹೇಗಾಗತ್ತೆ ಅಂತ.

ಸರಿಯಾದ್ದು 4ಯ + 20 = 2(ಯ + 20), 2ಯ = 20, ಯ = 10. ಮಗ 10, ಅಪ್ಪ 40, 20 ವರ್ಷ ಆದ್ಮೇಲೆ 30 ಮತ್ತು 60. 'ಈಗ' ಒಂದು ಕಂಬಸಾಲು, 'ಆಮೇಲೆ' ಇನ್ನೊಂದು ಕಂಬಸಾಲು ಹಾಕಿ, ಇಬ್ಬರ ಹೆಸರೂ ಬರೆದು ತುಂಬಿಸಿದ್ರೆ ಈ ತಪ್ಪು ಆಗಲ್ಲ. ತಾಳೆಯನ್ನ ಸಮೀಕರಣಕ್ಕೆ ಹಾಕಿ ನೋಡೋದು ಸಾಲದು, ಪ್ರಶ್ನೆಯ ಮಾತಿಗೆ ಹಾಕಿ ನೋಡ್ಬೇಕು, ಯಾಕಂದ್ರೆ ಸಮೀಕರಣನೇ ತಪ್ಪಿದ್ರೆ ಅದಕ್ಕೆ ಹಾಕಿದ ತಾಳೆ ಸರಿಯಾಗೇ ಬರತ್ತೆ.

ಎರಡು_ಗೆರೆ
@ಮಾತಿನ_ಲೆಕ್ಕ ಕೊನೇ ಸಾಲಿಗೆ ನನ್ನದೂ ಒಂದು ವೋಟು. ಇಂಥದ್ದೇ ಇನ್ನೊಂದು: ಒಂದು ಕಾಲೇಜಲ್ಲಿ ಪ್ರತಿ ಅಧ್ಯಾಪಕರಿಗೆ 6 ವಿದ್ಯಾರ್ಥಿಗಳು. ವಿದ್ಯಾರ್ಥಿಗಳ ಸಂಖ್ಯೆ ವ, ಅಧ್ಯಾಪಕರ ಸಂಖ್ಯೆ ಅ. ಸಮೀಕರಣ ಬರೀರಿ.

ತವಕ
6ವ = ಅ

ಎರಡು_ಗೆರೆ
ಅಧ್ಯಾಪಕರು 10 ಇದ್ದಾರೆ ಅನ್ನಿ, ವಿದ್ಯಾರ್ಥಿಗಳು 60. ನಿಮ್ಮದಕ್ಕೆ ಹಾಕಿದ್ರೆ 6 × 60 = 10 ಆಗತ್ತೆ. ಬೇಕಾದ್ದು ವ = 6ಅ. ಇದು ಇಂಜಿನಿಯರಿಂಗ್ ಓದೋರನ್ನೂ ಬೀಳಿಸಿರೋ ಪ್ರಶ್ನೆ. "6 ವಿದ್ಯಾರ್ಥಿಗಳು" ಅಂತ ಓದಿದ ಕ್ರಮದಲ್ಲೇ ಕೈ 6ವ ಅಂತ ಬರೆದುಬಿಡತ್ತೆ. ಅಕ್ಷರ ಅನ್ನೋದು ವಸ್ತುವಿನ ಹೆಸರಲ್ಲ, ಅದರ ಎಣಿಕೆ. ಯ ಅಂತ ಬರೆದಾಗಲೆಲ್ಲ 'ಯ ಅಂದ್ರೆ ಎಷ್ಟು ವರ್ಷ, ಎಷ್ಟು ಜನ' ಅಂತ ಪೂರ್ತಿ ವಾಕ್ಯ ಬರೆಸೋದು ಇದಕ್ಕೇ.

ಹಳೇ_ಬೀಜಗಣಿತ
ಮಾತಿನ ಲೆಕ್ಕ ಬಂತಲ್ಲ, ಭಾಸ್ಕರಾಚಾರ್ಯರ ಬೀಜಗಣಿತದ ಕುದುರೆ ಲೆಕ್ಕ ಹೇಳದೇ ಇರೋಕಾಗಲ್ಲ. 12ನೇ ಶತಮಾನದ್ದು. ಒಬ್ಬನ ಹತ್ರ 300 ನಾಣ್ಯ, 6 ಕುದುರೆ. ಇನ್ನೊಬ್ಬನ ಹತ್ರ 10 ಕುದುರೆ, ಆದ್ರೆ 100 ಸಾಲ. ಎಲ್ಲಾ ಕುದುರೆಗೂ ಒಂದೇ ಬೆಲೆ, ಇಬ್ಬರ ಆಸ್ತಿ ಸಮ. ಕುದುರೆ ಬೆಲೆ ಎಷ್ಟು?

6ಯ + 300 = 10ಯ − 100. 400 = 4ಯ. ಯ = 100. ಇಬ್ಬರದ್ದೂ 900.

ಋಣ ಅಂದ್ರೆ ಸಾಲ ಅಂತ ಕತೆಯೊಳಗೇ ಕೂತಿದೆ ನೋಡಿ, ಮೈನಸ್ 100 ಯಾಕೆ ಅಂತ ಯಾರೂ ಕೇಳಲ್ಲ. ಅವರು ಬರೀತಿದ್ದ ರೀತಿಯೂ ಚೆಂದ. ಎಡ ಬಲ ಅಂತ ಇಲ್ಲ, ಎರಡು ಪಕ್ಷಗಳನ್ನ ಒಂದರ ಕೆಳಗೊಂದು ಬರೆಯೋದು, ಯ ಇರೋವು ಒಂದು ಕಂಬಸಾಲಲ್ಲಿ, ಬರೀ ಸಂಖ್ಯೆಗಳು ಇನ್ನೊಂದು ಕಂಬಸಾಲಲ್ಲಿ, ಋಣ ಸಂಖ್ಯೆಯ ತಲೆ ಮೇಲೆ ಒಂದು ಚುಕ್ಕಿ:

ಯಾ 6 ರೂ 300
ಯಾ 10 ರೂ 100̇

ಯಾ ಅಂದ್ರೆ ಯಾವತ್ತಾವತ್, ನಮ್ಮ ಯ ಇದ್ದಂಗೆ. ರೂ ಅಂದ್ರೆ ರೂಪ, ಬರೀ ಸಂಖ್ಯೆ. ಒಂದು ಪಕ್ಷದ ಯಾ ಇನ್ನೊಂದರಿಂದ ಕಳೀಬೇಕು, ರೂಪ ಉಲ್ಟಾ ಕಡೆಯಿಂದ ಕಳೀಬೇಕು, ಆಮೇಲೆ ಭಾಗಿಸ್ಬೇಕು. ಈ ನಿಯಮ ಅದಕ್ಕೂ ಹಿಂದೆ, 499ರ ಆರ್ಯಭಟೀಯದ ಗಣಿತಪಾದದಲ್ಲೇ ಒಂದು ಶ್ಲೋಕದಲ್ಲಿ ಇದೆ.

ನೇರದಾರಿ
ಅಂದ್ರೆ ಅದು ನೇರ ಸೂತ್ರನೇ ಆಯ್ತಲ್ಲ! ಸಂಖ್ಯೆಗಳ ವ್ಯತ್ಯಾಸವನ್ನ ಸಹಗುಣಕಗಳ ವ್ಯತ್ಯಾಸದಿಂದ ಭಾಗಿಸಿ, ಮುಗೀತು. 400/4. ನಾನು ಮೊದಲಿಂದ ಹೇಳ್ತಿರೋದು ಇದನ್ನೇ, ಚಿಕ್ಕ ನಿಯಮ ಇದ್ರೆ ಚೆನ್ನಾಗಿ ಬಳಸಬಹುದು.

ಕಪ್ಪುಹಲಗೆ
ಬಳಸಿ, ಖಂಡಿತ ಬಳಸಿ. ನನ್ನ ತಕರಾರು ಕ್ರಮದ ಬಗ್ಗೆ ಮಾತ್ರ. 400 ಯಾಕೆ ಬಂತು, 200 ಯಾಕಲ್ಲ ಅಂತ ಮಗು ಹೇಳಬಲ್ಲದಾದ್ರೆ ಸೂತ್ರ ಅದರದ್ದು. 300ರಿಂದ −100 ಕಳೆದ್ರೆ 400 ಅನ್ನೋದನ್ನ ಅರ್ಧ ಮಕ್ಕಳು 200 ಅಂತ ಬರೀತಾರೆ.

ಲಸಾಅ_ಭಕ್ತೆ
ಎರಡು ಚರಾಕ್ಷರದ್ದೂ ಒಂದು ಇರಲಿ, ಇದು ನನಗೆ ತುಂಬ ಇಷ್ಟ. 9ನೇ ಶತಮಾನದಲ್ಲಿ ಅಮೋಘವರ್ಷನ ಕಾಲದಲ್ಲಿದ್ದ ಮಹಾವೀರಾಚಾರ್ಯರ ಗಣಿತಸಾರಸಂಗ್ರಹದ ಲೆಕ್ಕ. 9 ಮಾದಲ ಹಣ್ಣು, 7 ಬೇಲದ ಹಣ್ಣು ಸೇರಿ 107. 7 ಮಾದಲ, 9 ಬೇಲ ಸೇರಿ 101. ಒಂದೊಂದರ ಬೆಲೆ?

ವರ್ಜಿಸೋಕೆ (ಒಂದು ಅಕ್ಷರವನ್ನ ತೆಗೆದುಹಾಕೋಕೆ) 9ರಿಂದ ಒಂದನ್ನ 7ರಿಂದ ಒಂದನ್ನ ಗುಣಿಸ್ತಾ ಕೂರಬೇಡಿ. ಮೊದಲು ಎರಡನ್ನೂ ಕೂಡಿ, 16ಯ + 16ಕ = 208, ಅಂದ್ರೆ ಯ + ಕ = 13. ಆಮೇಲೆ ಕಳೀರಿ, 2ಯ − 2ಕ = 6, ಅಂದ್ರೆ ಯ − ಕ = 3. ಯ = 8, ಕ = 5. 72 + 35 = 107, 56 + 45 = 101. ಸಹಗುಣಕಗಳು ಅದಲುಬದಲು ಆಗಿರೋದು ಕಣ್ಣಿಗೆ ಬಿದ್ರೆ ಅರ್ಧ ಕೆಲಸ ಆದಂಗೆ. ಬಿಡಿಸೋಕೆ ಶುರು ಮಾಡೋ ಮುಂಚೆ ಸಮೀಕರಣವನ್ನ ಸುಮ್ನೆ ನೋಡೋದನ್ನ ನಾವು ಮಕ್ಕಳಿಗೆ ಕಲಿಸೋದೇ ಇಲ್ಲ, ಪೆನ್ ಹಿಡಿದ ತಕ್ಷಣ ಓಡು ಅಂತೀವಿ.

ಗೆರೆಚಿತ್ರ
ವರ್ಜಿಸೋ ವಿಧಾನಕ್ಕೆ ಗೌಸ್ ಹೆಸರು ಅಂಟಿಕೊಂಡಿದೆ, ಆದ್ರೆ ಸಹಗುಣಕಗಳನ್ನ ಕಂಬಸಾಲಲ್ಲಿ ಜೋಡಿಸಿ ಒಂದೊಂದಾಗಿ ಸೊನ್ನೆ ಮಾಡ್ತಾ ಹೋಗೋದು ಚೀನಾದ ಒಂಬತ್ತು ಅಧ್ಯಾಯಗಳ ಗಣಿತ ಗ್ರಂಥದ 8ನೇ ಅಧ್ಯಾಯದಲ್ಲೇ ಇದೆ, ಸುಮಾರು ಎರಡು ಸಾವಿರ ವರ್ಷದ ಹಿಂದಿನದು.

ಎಂಟನೇಕ್ಲಾಸ್_ಅಮ್ಮ
ಎಲ್ಲರಿಗೂ ತುಂಬ ಥ್ಯಾಂಕ್ಸ್. ಸದ್ಯಕ್ಕೆ ಡಬ್ಬಿ ಲೆಕ್ಕ, ಆಮೇಲೆ 'ಎರಡೂ ಕಡೆ ಏನು ಮಾಡ್ದೆ' ಅಂತ ಮಾತಲ್ಲಿ ಬರೆಯೋದು, ಕೊನೇಲಿ ತಾಳೆ. ಕುದುರೆ ಲೆಕ್ಕ ಓದಿ ಅವಳೇ ಸಮೀಕರಣ ಬರೆದಳು, "ಸಾಲ ಅಂದ್ರೆ ಮೈನಸ್ ಅಲ್ವಾ" ಅಂತ ಯಾರೂ ಹೇಳದೇ ಹಾಕಿದಳು. −3ಯ = 12ನ್ನೂ ಮತ್ತೆ ಕೊಟ್ಟೆ, ಈಗ 'ಎರಡೂ ಕಡೆ −3ರಿಂದ ಭಾಗಿಸು' ಅಂತ ಬರೆದು −4 ತಂದಿದ್ದಾಳೆ.

ಹೊಸಬ
ಮಧ್ಯದಲ್ಲಿ ಬಂದಿದ್ದೀನಿ, ದಶಮಾಂಶ ಇದ್ರೆ ಏನ್ ಮಾಡೋದು? 0.3ಯ + 1.2 = 0.5ಯ − 0.4.

ಲಸಾಅ_ಭಕ್ತೆ
ಎಲ್ಲಾ ಪದಕ್ಕೂ ಒಂದೊಂದೇ ದಶಮಾಂಶ ಸ್ಥಾನ ಇದೆ, ಪ್ರತಿಯೊಂದನ್ನೂ 10ರಿಂದ ಗುಣಿಸಿ. 3ಯ + 12 = 5ಯ − 4. ಎರಡೂ ಕಡೆ 3ಯ ಕಳೆದು 4 ಕೂಡಿ, ಚಿಕ್ಕ ಸಹಗುಣಕ ಇರೋ ಕಡೆಯಿಂದ ಕಳೆದ್ರೆ ಮೈನಸ್ ಬರಲ್ಲ. 16 = 2ಯ.

ಹೊಸಬ
ಯ = 8. ಎಡಗಡೆ 2.4 + 1.2 = 3.6, ಬಲಗಡೆ 4 − 0.4 = 3.6. ಬಂತು.